ಮುಂದಿದ್ದೂ ಸೋತೆವಲ್ಲ!

ಒಂದು–ಎರಡು. ಒಂದೇ ವಾರದೊಳಗೆ ಎರಡು ಸಲ ಅದೇ ಸ್ಕೋರು, ಎರಡು ಸಲವೂ ಪರ ಊರಲ್ಲಿ. 2025ರ ಏಪ್ರಿಲ್ 6ರಂದು ಬೆಂಗಳೂರು ಎಫ್‌ಸಿ ಗೋವಾದ ಫತೋರ್ಡಾದಲ್ಲಿ 1–2ರಿಂದ ಸೋತಾಗ ನಾವು ಮನೆಯಲ್ಲಿ ಕುಣಿದಾಡಿದ್ದೆವು. ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಎದುರು ಅದೇ 1–2ರಿಂದ ಸೋತಾಗ ಕಲಸಿದ ಅನ್ನ ತಟ್ಟೆಯಲ್ಲೇ ಉಳಿಯಿತು.

ಗೋವಾದ್ದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡನೇ ಪಂದ್ಯ. ನಮ್ಮೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಮೊದಲ ಪಂದ್ಯವನ್ನು 2–0ಯಿಂದ ಗೆದ್ದಿದ್ದೆವು. ಅವತ್ತು ಭಾನುವಾರ, ರಾಮನವಮಿ. ಬೆಳಿಗ್ಗೆಯಿಂದ ಪಾನಕ, ಮಜ್ಜಿಗೆ, ಕೋಸಂಬರಿ ಅಂತ ಬೀದಿಯೆಲ್ಲ ಓಡಾಟ. ರಾತ್ರಿ ಗೋವಾದವರು 88ನೇ ನಿಮಿಷದಲ್ಲಿ ಎರಡನೇ ಗೋಲು ಹೊಡೆದು ಒಟ್ಟು ಲೆಕ್ಕವನ್ನು ಸಮ ಮಾಡಿದರು. ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗಬೇಕು ಅನ್ನುವಾಗ ಸುನಿಲ್ ಛೆಟ್ರಿ ತಲೆ ಕೊಟ್ಟರು, ಚೆಂಡು ಬಲೆಗೆ ಬಿತ್ತು. ನಲವತ್ತು ವರ್ಷದ ಮನುಷ್ಯ! ಆ ಪಂದ್ಯ ಸೋತೂ ಫೈನಲ್‌ಗೆ ಹೋದೆವು. ಅದಕ್ಕೂ ಮೊದಲು, ಯುಗಾದಿಯ ಹಿಂದಿನ ರಾತ್ರಿ, ಮುಂಬೈ ಸಿಟಿಯನ್ನು ಐದು–ಸೊನ್ನೆಯಿಂದ ಸೋಲಿಸಿದ್ದೆವು. ಬೇವಿಗಿಂತ ಮೊದಲೇ ಬೆಲ್ಲ ತಿಂದಂತಿದ್ದ ಹಬ್ಬ ಅದು. ಹಾಗಿರುವಾಗ ಫೈನಲ್ ಬಗ್ಗೆ ಆಸೆ ಇಟ್ಟುಕೊಳ್ಳದೆ ಇರುವುದು ಹೇಗೆ?

ಹೂಡಿಯಲ್ಲಿ ನಮ್ಮ ಮನೆಯ ಎಡಗಡೆ ಕಾಂಪೌಂಡಿನಾಚೆ ಒಬ್ಬ ಹಿರಿಯರಿದ್ದಾರೆ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಫೈನಲ್ ಮುಗಿದ ಮರುದಿನ ಬೆಳಿಗ್ಗೆ ದಾಸವಾಳ ಕೀಳುತ್ತಾ ನನ್ನ ಮುಖ ನೋಡಿದರು.

“ಏನಪ್ಪಾ, ರಾತ್ರಿ ಎಷ್ಟೊತ್ತಾದ್ರೂ ಹಾಲ್‌ನಲ್ಲಿ ಲೈಟ್ ಉರೀತಿತ್ತು. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?”

“ಎಲ್ರೂ ಚೆನ್ನಾಗಿದೀವಿ ಅಂಕಲ್. ಮ್ಯಾಚ್ ಸೋತ್ವಿ.”

“ಆರ್‌ಸಿಬಿ ಮ್ಯಾಚು ಇವತ್ತಲ್ವೇನೋ?”

“ಫುಟ್‌ಬಾಲ್ ಅಂಕಲ್. ಕಲ್ಕತ್ತಾದಲ್ಲಿ ಫೈನಲ್ ಇತ್ತು.”

ಹೂವಿನ ಬುಟ್ಟಿಯನ್ನು ಗೋಡೆ ಮೇಲಿಟ್ಟು, “ಹೆಂಗೆ ಸೋತ್ರು, ಹೇಳು ಮತ್ತೆ” ಅಂದರು. ಸೋತದ್ದನ್ನು ಹೇಳಿಕೊಳ್ಳಲು ಒಬ್ಬರು ಬೇಕು. ಅವತ್ತು ಬೀದಿಯಲ್ಲಿ ಅಂಥವರು ಯಾರೂ ಇರಲಿಲ್ಲ. ಏಕೆಂದರೆ ನಮ್ಮ ಫೈನಲ್ ನಡೆಯುತ್ತಿದ್ದ ಹೊತ್ತಿಗೇ ಹೈದರಾಬಾದಿನಲ್ಲಿ ಅಭಿಷೇಕ್ ಶರ್ಮಾ ಪಂಜಾಬ್ ಮೇಲೆ 141 ರನ್ ಚಚ್ಚುತ್ತಿದ್ದರು. ಅಕ್ಕಪಕ್ಕದ ಮನೆಗಳಿಂದ ಕೇಳಿಬರುತ್ತಿದ್ದ ಕೂಗೆಲ್ಲ ಅದರದ್ದೇ. ಭಾನುವಾರ ಸಂಜೆ ಜೈಪುರದಲ್ಲಿ ಆರ್‌ಸಿಬಿ ಒಂಬತ್ತು ವಿಕೆಟ್‌ಗಳಿಂದ ಗೆದ್ದಿತು. ಆಮೇಲಂತೂ ಬೆಂಗಳೂರಿನ ಒಂದು ತಂಡ ಹಿಂದಿನ ರಾತ್ರಿ ದೇಶದ ಫುಟ್‌ಬಾಲ್ ಕಿರೀಟದ ಹತ್ತಿರ ಹೋಗಿ ಬಂದಿದೆ ಎಂಬುದು ನಮ್ಮ ಲೇಔಟಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಕ್ರಿಕೆಟ್ ಮೇಲೆ ನನಗೆ ದ್ವೇಷವಿಲ್ಲ, ಆರ್‌ಸಿಬಿ ಗೆದ್ದರೆ ನನಗೂ ಖುಷಿಯೇ. ಆದರೆ ಸೋತ ದಿನ ಜೊತೆಗೆ ಸೊರಗುವವರು ಇಲ್ಲದಿದ್ದರೆ ಸೋಲು ಇನ್ನಷ್ಟು ಭಾರ.

ಹಾಗಾಗಿ ಅಂಕಲ್‌ಗೆ ಕೂತು, ಅಲ್ಲ ನಿಂತು, ಎಲ್ಲಾ ಹೇಳಿದೆ. ಮೊದಲರ್ಧದಲ್ಲಿ ನಮ್ಮವರು ಚೆನ್ನಾಗಿಯೇ ಆಡಿದರು. 49ನೇ ನಿಮಿಷದಲ್ಲಿ ರಯಾನ್ ವಿಲಿಯಮ್ಸ್ ಬಲಗಡೆಯಿಂದ ಕ್ರಾಸ್ ಕೊಟ್ಟರು, ಅದನ್ನು ತೆಗೆಯಲು ಹೋದ ಬಾಗಾನ್ ಡಿಫೆಂಡರ್ ಆಲ್ಬರ್ಟೊ ರೋಡ್ರಿಗಸ್ ಕಾಲಿಗೆ ತಗುಲಿ ಚೆಂಡು ಅವರದ್ದೇ ಗೋಲಿಗೆ ಹೋಯಿತು. ತುಂಬಿ ತುಳುಕುತ್ತಿದ್ದ ಸಾಲ್ಟ್ ಲೇಕ್ ಸ್ತಬ್ಧ. ಆ ಒಂದು ಕ್ಷಣದ ಮೌನ ಕೇಳಲೆಂದೇ ಪರ ಊರಿನ ಮ್ಯಾಚ್ ನೋಡಬೇಕು ಅನಿಸಿತ್ತು. ಅಲ್ಲಿಂದ ಮುಂದೆ ನನ್ನ ಕಣ್ಣಿಗೆ ಕಂಡದ್ದು ಒಂದೇ: ನಮ್ಮವರು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದದ್ದು. ಮಿಡ್‌ಫೀಲ್ಡ್ ಡಿಫೆನ್ಸಿನ ಮಡಿಲಿಗೆ ಬಂದು ಕೂತಿತು. ಚೆಂಡು ಸಿಕ್ಕರೆ ಇಟ್ಟುಕೊಂಡು ಆಡುವುದು ಬಿಟ್ಟು ದೂರಕ್ಕೆ ಒದೆಯುವುದು, ಅದು ಮರಳಿ ಬರುವುದು, ಮತ್ತೆ ಒದೆಯುವುದು. ಅಂಥ ಮೈದಾನದಲ್ಲಿ ಅಂಥ ತಂಡಕ್ಕೆ ಅಷ್ಟು ಜಾಗ ಬಿಟ್ಟುಕೊಟ್ಟರೆ ಆಗುವುದೇನು? 72ನೇ ನಿಮಿಷದಲ್ಲಿ ಬಾಕ್ಸಿನೊಳಗೆ ಚೆಂಡು ಚಿಂಗ್ಲೆನ್‌ಸಾನಾ ಸಿಂಗ್ ಕೈಗೆ ತಾಗಿತು. ಪೆನಾಲ್ಟಿ. ಜೇಸನ್ ಕಮಿಂಗ್ಸ್ ಗೋಲು. ಹೆಚ್ಚುವರಿ ಸಮಯ ಶುರುವಾಗಿ ಕೆಲವೇ ನಿಮಿಷಕ್ಕೆ, 96ರಲ್ಲಿ, ಜೇಮಿ ಮೆಕ್ಲಾರೆನ್ ಇನ್ನೊಂದು. ಅಲ್ಲಿಗೆ ಮುಗಿಯಿತು.

ಅಂಕಲ್ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. “ಸೈರನ್ ಆಗೋಕೆ ಇನ್ನೂ ಅರ್ಧ ಗಂಟೆ ಇರುವಾಗ್ಲೇ ಮೆಷಿನ್ ಆಫ್ ಮಾಡಿ ಕೈ ತೊಳ್ಯೋಕೆ ಹೋದಂಗಾಯ್ತು, ನಿಮ್ಮವರ ಕಥೆ.”

ಐಟಿಐ, ಎಚ್‌ಎಎಲ್, ಬಿಇಎಂಎಲ್ ಎಂದರೆ ಇವತ್ತು ಜನಕ್ಕೆ ಬಸ್ ಸ್ಟಾಪಿನ ಹೆಸರು. ಒಂದು ಕಾಲಕ್ಕೆ ಇವೆಲ್ಲ ಫುಟ್‌ಬಾಲ್ ತಂಡಗಳೂ ಆಗಿದ್ದವು. ಹಗಲು ಕಾರ್ಖಾನೆ, ಸಂಜೆ ಮೈದಾನ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಐಟಿಐ–ಎಚ್‌ಎಎಲ್ ಪಂದ್ಯ ಇದ್ದರೆ ಶಿಫ್ಟ್ ಮುಗಿಸಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಕಾಲವನ್ನು ಅಂಕಲ್ ಹೇಳಿದರೆ ನಮ್ಮ ಕಾಲದ ಸ್ಕ್ರೀನಿಂಗು, ಜೆರ್ಸಿ ಎಲ್ಲ ಸಪ್ಪೆ ಅನಿಸುತ್ತದೆ. ಅವರ ಪ್ರಕಾರ ಬೆಂಗಳೂರು–ಬಂಗಾಳದ ಜಿದ್ದು ನಿನ್ನೆ ಮೊನ್ನೆಯದಲ್ಲ. ಲೆಕ್ಕ ನೋಡಿದರೆ ಅವರ ಮಾತು ಪೂರ್ತಿ ಸರಿ. ಮೈಸೂರು ರಾಜ್ಯ ತಂಡ ಸಂತೋಷ್ ಟ್ರೋಫಿ ಗೆದ್ದದ್ದು ನಾಲ್ಕು ಸಲ: 1946–47, 1952–53, 1967–68, 1968–69. ನಾಲ್ಕೂ ಫೈನಲ್‌ಗಳಲ್ಲಿ ಎದುರಿಗಿದ್ದದ್ದು ಬಂಗಾಳವೇ! ಅದರಲ್ಲಿ 1967–68ರ ಗೆಲುವು ಕಟಕ್‌ನಲ್ಲಿ. ಅರ್ಧ ಶತಮಾನ ಕಳೆದು 2017ರ ಮೇ ತಿಂಗಳಲ್ಲಿ ಬೆಂಗಳೂರು ಎಫ್‌ಸಿ ಫೆಡರೇಶನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನನ್ನು 2–0ಯಿಂದ ಸೋಲಿಸಿದ್ದೂ ಅದೇ ಕಟಕ್‌ನಲ್ಲಿ. ಸಿ.ಕೆ. ವಿನೀತ್ ಹೆಚ್ಚುವರಿ ಸಮಯದಲ್ಲಿ ಹೊಡೆದ ಆ ಎರಡು ಗೋಲು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೋಲ್ಕತ್ತದ ಕ್ಲಬ್ಬುಗಳನ್ನು ಕಟ್ಟಿದವರಲ್ಲಿ ನಮ್ಮ ಊರಿನ ಹುಡುಗರೂ ಇದ್ದರು ಎಂಬುದನ್ನೂ ಅಂಕಲ್ ಮರೆಯದೆ ಹೇಳುತ್ತಾರೆ. ಈಸ್ಟ್ ಬೆಂಗಾಲಿನ ಐದು ಜನ ಫಾರ್ವರ್ಡ್‌ಗಳನ್ನು ಅಲ್ಲಿನ ಜನ ಪಂಚ ಪಾಂಡವರು ಎಂದು ಕರೆಯುತ್ತಿದ್ದರಲ್ಲ, ಅವರಲ್ಲೊಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದ ಅರುಮೈನಾಯಗಂ ಇಲ್ಲಿಂದ ಹೋಗಿ ಮೋಹನ್ ಬಾಗಾನ್‌ಗೆ ಆಡಿದವರು. ಬೂಟಿಲ್ಲದ ಕಾಲಿನಿಂದ ಫುಟ್‌ಬಾಲ್ ಕಲಿತ ಹಲಸೂರು, ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಹುಡುಗರಿಗೆ ಆಗ ಹೊಟ್ಟೆಪಾಡಿನ ಆಟ ಬೇಕೆಂದರೆ ಕೋಲ್ಕತ್ತದ ರೈಲು ಹತ್ತಬೇಕಿತ್ತು. ಈಗ ಅದೇ ರೈಲು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಟು ಒಂದೂವರೆ ದಿನಕ್ಕೆ ಹೌರಾ ಮುಟ್ಟುತ್ತದೆ. ಅಲ್ಲಿಂದ ಕೆಲಸ ಹುಡುಕಿಕೊಂಡು ಬರುವವರು ಅದರಲ್ಲೇ ನಮ್ಮೂರಿಗೆ ಇಳಿಯುತ್ತಾರೆ.

ಇಳಿದವರಲ್ಲಿ ಒಬ್ಬರು ನಮ್ಮ ಬಲಗಡೆ ಕಾಂಪೌಂಡಿನಾಚೆ ಇದ್ದಾರೆ. ಐಟಿಪಿಎಲ್ ಕಡೆ ಕೆಲಸ. ಬಾಗಾನ್ ಎಂದರೆ ಪ್ರಾಣ. 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ರೆಜಿಮೆಂಟನ್ನು ಸೋಲಿಸಿದ ಕಥೆಯನ್ನು ತಾತನ ಆಸ್ತಿಪತ್ರ ಓದುವ ಗತ್ತಿನಲ್ಲಿ ಹೇಳುತ್ತಾರೆ. ಬಾಗಾನ್ ಗೆದ್ದರೆ ಸೀಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು ತರುವುದು ಅವರ ಕಡೆಯ ರೂಢಿ. ಆ ಭಾನುವಾರ ಮಧ್ಯಾಹ್ನ ಅವರ ಅಡುಗೆಮನೆಯಿಂದ ಸಾಸಿವೆ ಎಣ್ಣೆಯ ಘಾಟು ನಮ್ಮ ಹಾಲಿಗೇ ಬಂತು. ಸಂಜೆ ಗೋಡೆ ಹತ್ತಿರ ನಿಂತು, ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ, “ಸಾರ್, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಟೀಮ್ ಚೆನ್ನಾಗಿ ಆಡ್ತು” ಅಂದರು.

“ಚೆನ್ನಾಗಿ ಆಡಿದ್ದಕ್ಕೇ ಬೇಜಾರು ದಾದಾ” ಅಂದೆ.

ವೈಟ್‌ಫೀಲ್ಡ್ ಕಡೆ ಇರುವ ನಮ್ಮಂಥವರ ಪಾಡು ಇದು. ಬೇರೆ ಊರಿನ ಅಭಿಮಾನಿಗೆ ತಂಡ ಹೊರಗಡೆ ಸೋತರೆ ಮರುದಿನ ಬೆಳಿಗ್ಗೆ ಸೋತವರ ನಡುವೆಯೇ ಕಾಫಿ ಕುಡಿಯಬಹುದು. ನಮಗೆ ಹಾಗಲ್ಲ. ಗೋವಾದಲ್ಲಿ ಸೋತರೆ ಗೋವಾದವರು ಪಕ್ಕದ ಟೇಬಲ್ಲಿನಲ್ಲಿರುತ್ತಾರೆ, ಚೆನ್ನೈನಲ್ಲಿ ಸೋತರೆ ಆಫೀಸಿನ ಟೀಮ್ ಲೀಡೇ ಚೆನ್ನೈನವರು, ಕೊಚ್ಚಿಯಲ್ಲಿ ಸೋತರಂತೂ ಕೇಳಲೇಬೇಡಿ, ಲಿಫ್ಟಿನಿಂದ ಕ್ಯಾಂಟೀನ್ ತನಕ ಹಳದಿ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಪಂದ್ಯವಿದ್ದಾಗ ಒಂದಿಡೀ ಕಡೆ ಹಳದಿ ಅಂಗಿಯೇ ತುಂಬಿರುತ್ತದೆ. ಬಂದವರಲ್ಲಿ ಹೆಚ್ಚಿನವರು ಕೇರಳದಿಂದ ಬಸ್ಸಿನಲ್ಲಿ ಬಂದವರಲ್ಲ, ಇಲ್ಲೇ ಮಾರತ್ತಹಳ್ಳಿ, ಎಲೆಕ್ಟ್ರಾನಿಕ್ ಸಿಟಿಯಿಂದ ಬಂದವರು. ಇವರ ಬಗ್ಗೆ ನನಗೆ ಕೋಪವಿಲ್ಲ. ಹುಟ್ಟಿದ ಊರಿನ ತಂಡವನ್ನು ಇನ್ನೊಂದು ಊರಿಗೆ ಬಂದ ಮೇಲೂ ಬಿಡದವರನ್ನು ನಾನು ಗೌರವಿಸುತ್ತೇನೆ. ನನ್ನ ಸಂಕಟ ಬೇರೆ. ಅವರ ಊರಿನ ತಂಡಕ್ಕೆ ಇಲ್ಲೂ ಮನೆಯಿದೆ. ಈ ಊರಿನಲ್ಲೇ ಹುಟ್ಟಿದ ಎಷ್ಟೋ ಜನಕ್ಕೆ ತಮ್ಮ ಊರಿಗೊಂದು ತಂಡವಿದೆ, ಅದು ದೇಶದ ಚಾಂಪಿಯನ್ ಆಗಿತ್ತು ಎಂಬುದೇ ತಿಳಿದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಗೆಳೆಯನೊಬ್ಬ ಫೈನಲ್ ನೋಡಲೆಂದು ಹತ್ತಿರದ ಪಬ್ಬಿಗೆ ಹೋದರೆ ದೊಡ್ಡ ಪರದೆಯಲ್ಲಿ ಐಪಿಎಲ್, ಇನ್ನೊಂದರಲ್ಲಿ ಇಂಗ್ಲಿಷ್ ಲೀಗು. ಬೆಂಗಳೂರಿನ ಫೈನಲ್ ಹಾಕಿ ಎಂದು ಬೆಂಗಳೂರಿನಲ್ಲಿ ಕೇಳಿಕೊಳ್ಳಬೇಕಾಯಿತು. ಕೊನೆಗೆ ಮೊಬೈಲಿನಲ್ಲಿ ನೋಡಿದನಂತೆ.

ಈಗ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಸೋಲು ಸಹಜ, ಹೌದು. ಮೋಹನ್ ಬಾಗಾನ್ ಆ ವರ್ಷ ಲೀಗ್ ಶೀಲ್ಡನ್ನೂ ಗೆದ್ದಿತ್ತು, 56 ಪಾಯಿಂಟ್. ನಾವು 38 ಪಾಯಿಂಟ್ ಪಡೆದು ಮೂರನೇ ಸ್ಥಾನದಲ್ಲಿದ್ದವರು. ಅವರು ದೊಡ್ಡ ತಂಡ, ಒಪ್ಪಿದೆ. ಆದರೆ ಇದೇ ತಂಡವನ್ನು 2024ರ ಸೆಪ್ಟೆಂಬರ್ 28ರಂದು ಕಂಠೀರವದಲ್ಲಿ 3–0ಯಿಂದ ಹಣ್ಣುಗಾಯಿ ನೀರುಗಾಯಿ ಮಾಡಿದವರೂ ನಾವೇ ತಾನೆ? ಅವತ್ತು ಒಂದು ಗೋಲು ಸಿಕ್ಕ ಮೇಲೆ ಎರಡನೆಯದಕ್ಕೆ ಹೋದೆವು, ಎರಡು ಸಿಕ್ಕ ಮೇಲೆ ಮೂರನೆಯದಕ್ಕೆ. ಆ ಧೈರ್ಯ ಸಾಲ್ಟ್ ಲೇಕ್‌ಗೆ ಹೋಗುವಾಗ ಎಲ್ಲಿ ಉಳಿಯುತ್ತದೆ?

ಹಳೆಯ ಲೆಕ್ಕ ತೆಗೆದು ಅಂಕಲ್ ಮುಂದೆ ಇಟ್ಟೆ. 2015ರ ಮೇ 31, ಐ–ಲೀಗ್‌ನ ಕೊನೆಯ ದಿನ, ಕಂಠೀರವ. ಜಾನ್ ಜಾನ್ಸನ್ ಗೋಲಿನಿಂದ ಬಾಗಾನ್ ಮೇಲೆ 1–0 ಮುಂದೆ ಇದ್ದೆವು. ಗೆದ್ದಿದ್ದರೆ ಪ್ರಶಸ್ತಿ ನಮ್ಮದು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಸಮ ಮಾಡಿದರು, ಪ್ರಶಸ್ತಿ ಕೋಲ್ಕತ್ತಕ್ಕೆ ಹೋಯಿತು. 2023ರ ಮಾರ್ಚ್ 18, ಐಎಸ್‌ಎಲ್ ಫೈನಲ್, ಫತೋರ್ಡಾ. ರಾಯ್ ಕೃಷ್ಣ 78ನೇ ನಿಮಿಷದಲ್ಲಿ ನಮ್ಮನ್ನು 2–1ಕ್ಕೆ ಒಯ್ದರು. 85ರಲ್ಲಿ ಪೆನಾಲ್ಟಿ, ಪೆಟ್ರಾಟೋಸ್ ಗೋಲು, ಆಮೇಲೆ ಶೂಟೌಟಿನಲ್ಲಿ ಸೋಲು. 2024ರ ಆಗಸ್ಟ್ 27, ಡ್ಯುರಾಂಡ್ ಕಪ್ ಸೆಮಿಫೈನಲ್, ಇದೇ ಸಾಲ್ಟ್ ಲೇಕ್. ಛೆಟ್ರಿ ಒಂದು, ವಿನೀತ್ ವೆಂಕಟೇಶ್ ಒಂದು, 2–0 ಮುಂದೆ. 68ರಲ್ಲಿ ಪೆನಾಲ್ಟಿ, 84ರಲ್ಲಿ ಅನಿರುದ್ಧ್ ಥಾಪಾ, ಮತ್ತೆ ಶೂಟೌಟ್, ಮತ್ತೆ ಸೋಲು. ಆಮೇಲೆ ಈ ಫೈನಲ್. ಹತ್ತು ವರ್ಷಗಳಲ್ಲಿ ಒಂದೇ ತಂಡದ ಎದುರು ನಾಲ್ಕು ಸಲ ಮುಂದಿದ್ದೂ ಕೈಬಿಟ್ಟೆವು. ನಡುವೆ ಕೋಚ್‌ಗಳು ಬದಲಾದರು, ಆಟಗಾರರು ಬದಲಾದರು. ನಾಲ್ಕೂ ಸಲ ಅಂಗಿ ಹಾಕಿದ್ದವರು ಛೆಟ್ರಿ ಒಬ್ಬರೇ ಇರಬೇಕು.

“ಹಾಗಾದ್ರೆ ತಪ್ಪು ಯಾರದ್ದು?” ಅಂದರು ಅಂಕಲ್.

ಪೀಣ್ಯ ಎರಡನೇ ಹಂತದಲ್ಲಿ ಸಿಎನ್‌ಸಿ ಜಾಬ್ ವರ್ಕ್ ಮಾಡಿಸುವ ನನ್ನ ಗೆಳೆಯನ ಪ್ರಕಾರ ತಪ್ಪು ರೆಫರಿಯದ್ದು. ಐಎಸ್‌ಎಲ್‌ನಲ್ಲಿ ವಿಡಿಯೊ ನೋಡಿ ತೀರ್ಪು ಕೊಡುವ ವಿಎಆರ್ ವ್ಯವಸ್ಥೆ ಇಲ್ಲ. ಪೀಣ್ಯದ ತನ್ನ ಸಣ್ಣ ಶೆಡ್‌ನಲ್ಲೇ ಒಂದು ಮೈಕ್ರಾನ್ ಹೆಚ್ಚುಕಮ್ಮಿ ಆದರೆ ಅಳೆದು ಪೀಸ್ ವಾಪಸ್ ಕಳಿಸುತ್ತಾರೆ, ದೇಶದ ಫೈನಲ್ಲನ್ನು ಕಣ್ಣಳತೆಯಲ್ಲಿ ನಡೆಸುತ್ತಾರಲ್ಲ ಎಂಬುದು ಅವನ ವಾದ. ವಿಎಆರ್ ಬೇಕು ಎನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಆದರೆ ಅದೊಂದೇ ಕಾರಣ ಎಂದರೆ ಒಪ್ಪುವುದಿಲ್ಲ. ಇಪ್ಪತ್ತು ನಿಮಿಷ ನಮ್ಮ ಬಾಕ್ಸಿನ ಸುತ್ತಲೇ ಚೆಂಡು ಆಡಲು ಬಿಟ್ಟರೆ ಯಾವುದಾದರೂ ಒಂದು ಕೈಗೋ ಕಾಲಿಗೋ ತಾಗದೆ ಇರುತ್ತದೆಯೇ?

ಇನ್ನು ಕೆಲವರು ಸನಾ ಹೆಸರು ಹಿಡಿದು ಬೈದರು. ಇದನ್ನು ಮಾತ್ರ ನಾನು ಸಹಿಸಲಾರೆ. ಚಿಂಗ್ಲೆನ್‌ಸಾನಾ ಸಿಂಗ್ ಮಣಿಪುರದ ಚುರಾಚಾಂದ್‌ಪುರದವರು. 2023ರ ಮೇ ತಿಂಗಳಲ್ಲಿ ಅಲ್ಲಿ ಹಿಂಸೆ ಭುಗಿಲೆದ್ದ ದಿನ ಅವರು ಕೋಯಿಕ್ಕೋಡ್‌ನಲ್ಲಿ ಹೈದರಾಬಾದ್ ಪರ ಆಡುತ್ತಿದ್ದರು, ಅದೂ ಮೋಹನ್ ಬಾಗಾನ್ ಎದುರಿಗೇ. ಪಂದ್ಯ ಮುಗಿಸಿ ಫೋನ್ ನೋಡಿದರೆ ಮನೆಯಿಂದ ಬಂದ ಕರೆಗಳ ಸಾಲು. ಮನೆ ಸುಟ್ಟುಹೋಗಿತ್ತು. ಊರಿನ ಮಕ್ಕಳಿಗಾಗಿ ಅವರು ಕಟ್ಟಿಸಿದ್ದ ಫುಟ್‌ಬಾಲ್ ಟರ್ಫೂ ಸುಟ್ಟುಹೋಗಿತ್ತು. ಮನೆಯವರು ಜೀವ ಉಳಿಸಿಕೊಂಡು ಪರಿಹಾರ ಶಿಬಿರ ಸೇರಿದ್ದರು. ಅಂಥದ್ದನ್ನು ಕಂಡೂ ಬೂಟು ಕಟ್ಟಿಕೊಂಡು ಮೈದಾನಕ್ಕೆ ಮರಳಿ, ನಮ್ಮೂರಿನ ಅಂಗಿ ತೊಟ್ಟು, ಫೈನಲ್ ತನಕ ಸೀಸನ್ ಪೂರ್ತಿ ನಮ್ಮ ಗೋಲಿನ ಮುಂದೆ ಎದೆಯೊಡ್ಡಿ ನಿಂತವರು ಅವರು. ನಮ್ಮ ಲೇಔಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವ ಮಣಿಪುರದ ಹುಡುಗ ಆ ಪೆನಾಲ್ಟಿ ಆದಾಗ ಮೊಬೈಲನ್ನು ಜೇಬಿಗೆ ಹಾಕಿಬಿಟ್ಟನಂತೆ. ಸುರೇಶ್ ವಾಂಗ್ಜಂ, ರೋಶನ್ ಸಿಂಗ್, ಸನಾ ಇವರೆಲ್ಲ ಅವನ ಊರಿನ ಕಡೆಯವರು; ಬೆಂಗಳೂರು ಎಫ್‌ಸಿ ಅವನಿಗೂ ಸ್ವಂತ ತಂಡ. ಸನಾಗೆ ಬೈಯುವವರು ಒಮ್ಮೆ ಅವನ ಮುಖ ನೋಡಿ ಮಾತಾಡಲಿ.

ನನ್ನ ದೂರು ಇರುವುದು ಆ ಹಿಂದೆ ಸರಿಯುವ ಅಭ್ಯಾಸದ ಮೇಲೆ, ಮತ್ತು ಅದಕ್ಕೂ ಮೊದಲು ಆ ಚಳಿಗಾಲದಲ್ಲಿ ಕೈಬಿಟ್ಟ ಪಾಯಿಂಟುಗಳ ಮೇಲೆ. ಫೈನಲ್ ಸಾಲ್ಟ್ ಲೇಕ್‌ನಲ್ಲಿ ಯಾಕೆ ನಡೆಯಿತು? ಲೀಗಿನಲ್ಲಿ ಮೇಲಿದ್ದವರ ಮೈದಾನದಲ್ಲಿ ಫೈನಲ್ ಎಂಬ ನಿಯಮದಿಂದ. ಅಂದರೆ ಏಪ್ರಿಲ್ ತಿಂಗಳಲ್ಲಿ ಸಾವಿರಾರು ಜನರ ಕೂಗಿನ ನಡುವೆ ಆಡಬೇಕಾದ ಪರಿಸ್ಥಿತಿಯನ್ನು ನವೆಂಬರಿನಿಂದ ಜನವರಿ ತನಕ ನಾವೇ ತಂದುಕೊಂಡೆವು. ಗೋವಾದಲ್ಲಿ 0–3. ಒಡಿಶಾದಲ್ಲಿ 2–4. ಜಮ್‌ಶೆಡ್‌ಪುರದಲ್ಲಿ ಮುಂದಿದ್ದು, ಕೊನೆಯ ಹತ್ತು ನಿಮಿಷದಲ್ಲಿ ಎರಡು ಗೋಲು ಬಿಟ್ಟು 1–2. ಅದಾಗಿ ಒಂದು ವಾರಕ್ಕೆ ಮೊಹಮ್ಮಡನ್ ಸ್ಪೋರ್ಟಿಂಗ್ ಕಂಠೀರವಕ್ಕೇ ಬಂದು ಕೊನೆಗಳಿಗೆಯ ಫ್ರೀ ಕಿಕ್ಕಿನಿಂದ ಗೆದ್ದು ಹೋಯಿತು. ಸೀಸನ್‌ನ ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲು ಬಿಡದ ಡಿಫೆನ್ಸು ಇದೇ! ಒಂದು ಫೈನಲ್‌ನ ಒಂದು ಹ್ಯಾಂಡ್‌ಬಾಲ್ ಎಲ್ಲರಿಗೂ ಕಾಣುತ್ತದೆ. ಡಿಸೆಂಬರಿನಲ್ಲಿ ಬಿಟ್ಟ ಪಾಯಿಂಟು ಯಾರಿಗೂ ನೆನಪಿರುವುದಿಲ್ಲ.

ಬಾಗಾನ್ ದಾದಾ ಇದಕ್ಕೆ ಒಂದು ಮಾತು ಸೇರಿಸಿದರು: “ಬೆಂಗಳೂರಿಗೆ ಹೊರಗಡೆ ಆಡೋಕೆ ಬರಲ್ಲ.” ಅದನ್ನು ನಾನು ಅಲ್ಲೇ ತಡೆದೆ. ಬರುವುದಿಲ್ಲ ಎನ್ನಲು ಸಾಧ್ಯವೇ ಇಲ್ಲ. 2013ರಲ್ಲಿ ಹುಟ್ಟಿದ ಕ್ಲಬ್ಬು ಮೊದಲ ವರ್ಷವೇ ಐ–ಲೀಗ್ ಗೆದ್ದದ್ದು 2014ರ ಏಪ್ರಿಲ್‌ನಲ್ಲಿ ಫತೋರ್ಡಾದಲ್ಲಿ ಡೆಂಪೊವನ್ನು 4–2ರಿಂದ ಮಣಿಸಿ. ಮರುವರ್ಷದ ಫೆಡರೇಶನ್ ಕಪ್ಪೂ ಗೋವಾದಲ್ಲೇ. 2017ರಲ್ಲಿ ಕಟಕ್, 2018ರ ಸೂಪರ್ ಕಪ್ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಎದುರು 4–1. 2019ರ ಐಎಸ್‌ಎಲ್ ಮುಂಬೈಯಲ್ಲಿ, ರಾಹುಲ್ ಭೇಕೆಯ ತಲೆಯಿಂದ, ಹೆಚ್ಚುವರಿ ಸಮಯದ ಕೊನೆಗೆ. 2022ರ ಡ್ಯುರಾಂಡ್ ಕಪ್ ಅಂತೂ ಇದೇ ಸಾಲ್ಟ್ ಲೇಕ್‌ನಲ್ಲಿ ಮುಂಬೈ ಸಿಟಿಯನ್ನು ಸೋಲಿಸಿ ತಂದದ್ದು. ಊರಿನಲ್ಲೇ, ನಮ್ಮ ಕಣ್ಣೆದುರು ಪ್ರಶಸ್ತಿ ಖಚಿತವಾದದ್ದು 2016ರ ಏಪ್ರಿಲ್‌ನಲ್ಲಿ ಸಾಲ್ಗಾಂವ್ಕರ್ ಎದುರು 2–0 ಗೆದ್ದ ಸಲ ಮಾತ್ರ. 2018ರಲ್ಲಿ ಐಎಸ್‌ಎಲ್ ಫೈನಲ್ ಕಂಠೀರವದಲ್ಲೇ ನಡೆದಾಗ ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದರೂ ಚೆನ್ನೈಯಿನ್ 3–2ರಿಂದ ಕಪ್ ಎತ್ತಿಕೊಂಡು ಹೋಯಿತು. ಪರ ಊರಲ್ಲಿ ಗೆಲ್ಲುವ ಗುಂಡಿಗೆ ಈ ತಂಡಕ್ಕೆ ಹುಟ್ಟಿನಿಂದಲೇ ಇದೆ. ಇರುವುದರಿಂದಲೇ ಈ ಸೋಲು ಇಷ್ಟು ಉರಿಯುವುದು. ಕೈಲಾಗದವರು ಸೋತರೆ ಮರುಕ, ಕೈಲಾಗುವವರು ಸೋತರೆ ಸಿಟ್ಟು.

ದಾದಾ ನಕ್ಕು ಒಪ್ಪಿಕೊಂಡರು. ಆಮೇಲೆ ಅವರೇ, “ಛೆಟ್ರಿ ನಮ್ಮ ಬಾಗಾನ್‌ನಿಂದಲೇ ಶುರು ಮಾಡಿದ್ದು, ಗೊತ್ತಲ್ವಾ?” ಅಂದರು. ಗೊತ್ತು. 2002ರಲ್ಲಿ ಹದಿಹರೆಯದ ಹುಡುಗನಾಗಿ ಮೋಹನ್ ಬಾಗಾನ್ ಸೇರಿದವರು ಅವರು. ಬೆಂಗಳೂರಿಗೆ 2013ರಲ್ಲಿ ಬಂದರು, ಬೇರೂರಿದರು. ಈ ಫೈನಲ್ ಸೋತ ಸೀಸನ್‌ನಲ್ಲಿ 14 ಗೋಲು. ಲೀಗಿನ ಭಾರತೀಯರಲ್ಲಿ ಅವರಿಗಿಂತ ಹೆಚ್ಚು ಹೊಡೆದವರಿಲ್ಲ. ಅವರ ಸಲುವಾಗಿಯಾದರೂ ಆ ಕಪ್ ಬರಬೇಕಿತ್ತು ಎಂಬ ಕೊರಗು ನನಗೆ ಇನ್ನೂ ಇದೆ.

ಅಂಕಲ್ ಕೇಳಿದ ಕೊನೆಯ ಪ್ರಶ್ನೆಗೆ ಮಾತ್ರ ನನಗೆ ಉತ್ತರ ಹೊಳೆಯಲಿಲ್ಲ. “ನಮ್ಮ ಕಾಲದಲ್ಲಿ ಟೀಮಲ್ಲಿ ಅರ್ಧ ಜನ ಇಲ್ಲೇ ಹಲಸೂರು, ಕೆ.ಆರ್. ಪುರದವರು. ಈಗ ನಿಮ್ಮ ಟೀಮಲ್ಲಿ ಇಲ್ಲಿನ ಹುಡುಗ್ರು ಎಷ್ಟು ಜನ ಇದಾರೆ?” ವಿನೀತ್ ವೆಂಕಟೇಶ್ ಹೆಸರು ಹೇಳಿದೆ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ನಮ್ಮೂರಿನ ಹುಡುಗ. 2024ರ ಸೆಪ್ಟೆಂಬರ್ 14ರಂದು ಐಎಸ್‌ಎಲ್‌ನ ತನ್ನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದವನು. ಆಮೇಲೆ ಇನ್ನೊಂದು ಹೆಸರಿಗೆ ತಡವರಿಸಿದೆ. ಪ್ರತಿಭೆಯ ಕೊರತೆಯಿಂದ ಹೀಗಾಗಿದೆ ಎಂದರೆ ನಂಬಲಾಗದು. 2023ರ ಮಾರ್ಚ್ 4ರಂದು ಕರ್ನಾಟಕದ ಹುಡುಗರು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿದ್ದಾರೆ. ಇರುವ ತೊಂದರೆ ಮೈದಾನದ್ದು. ನಮ್ಮ ಕಡೆ ಕೆರೆಯಂಗಳ, ಗೋಮಾಳ, ಕಾರ್ಖಾನೆಯ ಕ್ರೀಡಾಂಗಣ ಎಲ್ಲ ಒಂದೊಂದಾಗಿ ಕಟ್ಟಡವಾದವು. ಉಳಿದದ್ದು ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟು ಆಡುವ ಬಲೆ ಕಟ್ಟಿದ ಟರ್ಫು. ಕಂಪನಿ ಐಡಿ ಕಾರ್ಡ್ ಇರುವವರು ರಾತ್ರಿ ಹತ್ತು ಗಂಟೆಗೆ ದುಡ್ಡು ಹಂಚಿಕೊಂಡು ಅಲ್ಲಿ ಆಡಿಕೊಳ್ಳುತ್ತಾರೆ. ಹೂಡಿಯ, ದಾಸರಹಳ್ಳಿಯ, ಬೊಮ್ಮಸಂದ್ರದ ಕೂಲಿಕಾರರ ಮಕ್ಕಳು ಗಂಟೆಗೆ ಸಾವಿರಾರು ರೂಪಾಯಿ ಎಲ್ಲಿಂದ ತರಬೇಕು? ಆ ಮಕ್ಕಳಲ್ಲೇ ಇನ್ನೊಬ್ಬ ಅಹ್ಮದ್ ಖಾನ್ ಇರಬಹುದು. ಪಾಲಿಕೆಯವರು, ಕೈಗಾರಿಕಾ ಪ್ರದೇಶಗಳನ್ನು ನಡೆಸುವವರು, ದೊಡ್ಡ ಕಂಪನಿಗಳವರು ಬಡಾವಣೆಗೆ ಒಂದಾದರೂ ತೆರೆದ ಮೈದಾನ ಉಳಿಸಿಕೊಡಬೇಕು.

ಆ ಫೈನಲ್ ಆದ ಮೇಲೆ ಭಾರತದ ಫುಟ್‌ಬಾಲಿಗೆ ಒಳ್ಳೆಯ ದಿನಗಳೇನೂ ಬರಲಿಲ್ಲ. ಲೀಗ್ ನಡೆಸುವ ಒಪ್ಪಂದದ ವಿವಾದದಿಂದ ಮುಂದಿನ ಸೀಸನ್ ತೂಗಾಡಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಹೇಳಿತು. ಆ ಸುದ್ದಿ ಓದಿದ ದಿನ ಸಾಲ್ಟ್ ಲೇಕ್ ಸೋಲಿನ ಸಿಟ್ಟೂ ಚಿಕ್ಕದೆನಿಸಿತು. ಸೋಲುವುದಕ್ಕಾದರೂ ತಂಡ ಇರಬೇಕಲ್ಲ.

ಆದ್ದರಿಂದ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಯ ನೆರೆಹೊರೆಯವರಲ್ಲಿ ನನ್ನದೊಂದು ಕೋರಿಕೆ. ದೂರ ಎನ್ನುವ ಮಾತು ಈಗ ನಡೆಯುವುದಿಲ್ಲ. ಕಾಡುಗೋಡಿಯಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಕಂಠೀರವಕ್ಕೆ ನಡೆದೇ ಹೋಗಬಹುದು. ಪೀಣ್ಯದವರು ಹಸಿರು ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರಾಯಿತು. 2025ರ ಆಗಸ್ಟ್ 11ರಿಂದ ಹಳದಿ ಮಾರ್ಗವೂ ಓಡುತ್ತಿರುವುದರಿಂದ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯವರಿಗೂ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ನೆಪವಿಲ್ಲ. ಮುಂದಿನ ಸಲ ಬೆಂಗಳೂರು ತಂಡ ಕಂಠೀರವದಲ್ಲಿ ಆಡುವಾಗ ಮಕ್ಕಳನ್ನು ಕರೆದುಕೊಂಡು ಬನ್ನಿ. ವೆಸ್ಟ್ ಬ್ಲಾಕ್‌ನಲ್ಲಿ ತೊಂಬತ್ತು ನಿಮಿಷ ನಿಂತೇ ಕೂಗುವ ನೀಲಿ ಅಂಗಿಯ ಹುಡುಗರ ಜೊತೆ ಒಮ್ಮೆ ನಿಂತು ನೋಡಿ. ನಮ್ಮವರು ಒಂದು ಗೋಲಿನಿಂದ ಮುಂದಿದ್ದು, ಹಿಂದೆ ಸರಿಯಲು ಶುರು ಮಾಡಿದರೆ, “ಮುಂದಕ್ಕೆ ಹೋಗ್ರೋ” ಎಂದು ಗಟ್ಟಿಯಾಗಿ ಕೂಗಿ.